ತೆರೆಯ ಮೇಲಿನ ಸವಾಲು: ಇ-ಹರಾಜಿನಲ್ಲಿ ಮಲೆನಾಡಿನ ಬೆಳೆಗಾರ

(ಮೂಡಿಗೆರೆಯಲ್ಲಿ ಕಾಫಿ, ಮೆಣಸು, ಏಲಕ್ಕಿ ಮತ್ತು ಅಡಿಕೆ ಬೆಳೆಗಾರರಿಗಾಗಿ ನಡೆದ ತರಬೇತಿಯಲ್ಲಿ ಮಾಡಿದ ಭಾಷಣದ ಪಾಠ)



ನೆರಳು ಹದ ಮಾಡುವುದು, ಬೋರ್ಡೋ ದ್ರಾವಣ ಸಿಂಪಡಿಸುವುದು, ಕಾಂಡಕೊರಕದ ಹತೋಟಿ ಇವುಗಳ ಬಗ್ಗೆ ಬೆಳಗಿನಿಂದ ಇಲ್ಲಿ ಸಾಕಷ್ಟು ಚರ್ಚೆಯಾಗಿದೆ. ನನಗೆ ಕೊಟ್ಟಿರುವ ವಿಷಯ ಮಾಲು ಕಣದಿಂದ ಎದ್ದ ನಂತರದ್ದು. ಕಂಪ್ಯೂಟರ್ ಮೂಲಕ ನಡೆಯುವ ಹರಾಜಿನಲ್ಲಿ ಬೆಲೆ ಹೇಗೆ ಹುಟ್ಟುತ್ತದೆ, ಸವಾಲು ಹಾಕುವವನು ಏನು ಯೋಚಿಸುತ್ತಾನೆ, ಅದನ್ನು ತಿಳಿದ ಬೆಳೆಗಾರ ಏನು ಮಾಡಬಹುದು ಎಂಬುದನ್ನು ಹೇಳಲು ಪ್ರಯತ್ನಿಸುತ್ತೇನೆ. ಹನ್ನೊಂದು ತಿಂಗಳು ದುಡಿದು ಬೆಳೆದ ಮಾಲಿನ ಬೆಲೆ ಹರಾಜಿನ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಆ ಕೆಲವು ನಿಮಿಷಗಳಿಗೆ ನಾವು ಮಾಡಿಕೊಳ್ಳುವ ಸಿದ್ಧತೆ ಮಾತ್ರ ತೀರ ಕಡಿಮೆ.

ಇದಕ್ಕೆ ಕಾರಣವೂ ಇದೆ. 1942 ರ ಕಾಫಿ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹರಾಜು ಮಾಡುವ ಹೊಣೆ ಮಂಡಳಿಯದು, ಕಂತುಕಂತಾಗಿ ಬರುವ ಹಣಕ್ಕೆ ಕಾಯುವುದು ಬೆಳೆಗಾರನ ಪಾಲು. ಈ ವ್ಯವಸ್ಥೆ 1992 ರಿಂದ ಹಂತಹಂತವಾಗಿ ಸಡಿಲಗೊಂಡು 1996 ರಲ್ಲಿ ಪೂರ್ತಿ ಕೊನೆಗೊಂಡಿತು. ಅಲ್ಲಿಯವರೆಗೆ ಎರಡು ಮೂರು ತಲೆಮಾರಿನ ಕಾಫಿ ಬೆಳೆಗಾರರಿಗೆ ಮಾರುವ ವಿದ್ಯೆ ಕಲಿಯುವ ಅಗತ್ಯವೇ ಬೀಳಲಿಲ್ಲ. ಇಂದು ನಮ್ಮ ಕಾಫಿಯ ಬಹುಪಾಲು ತೋಟದ ಬಾಗಿಲಿನಲ್ಲೇ ವ್ಯಾಪಾರಿಯೊಡನೆ ಮಾತುಕತೆಯಿಂದ ಮಾರಾಟವಾಗುತ್ತದೆ. ಅಡಿಕೆ ಟೆಂಡರಿಗೆ ಹೋಗುತ್ತದೆ, ಏಲಕ್ಕಿ ಹರಾಜಿಗೆ ಹೋಗುತ್ತದೆ. ಈ ಟೆಂಡರು ಹರಾಜುಗಳು ಈಗ ಹೆಚ್ಚಾಗಿ ಕಂಪ್ಯೂಟರ್ ತೆರೆಯ ಮೇಲೆಯೇ ನಡೆಯುತ್ತವೆ.

ಎರಡು ಬಗೆಯ ಹರಾಜು

ಹರಾಜು ಎಂದೊಡನೆ ದೇವಸ್ಥಾನದ ತೆಂಗಿನಕಾಯಿ ಸವಾಲು ನಮ್ಮ ಕಣ್ಣ ಮುಂದೆ ಬರುತ್ತದೆ. ಒಬ್ಬ ಕೂಗುತ್ತಾನೆ, ಇನ್ನೊಬ್ಬ ಏರಿಸುತ್ತಾನೆ, ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ. ಸಂಬಾರ ಮಂಡಳಿಯ ಏಲಕ್ಕಿ ಇ-ಹರಾಜು ಈ ಜಾತಿಯದು. 2007 ರಲ್ಲಿ ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಕೂಗುವ ಪದ್ಧತಿ ಹೋಗಿ ಇ-ಹರಾಜು ಬಂತು. ಕೇರಳದ ಇಡುಕ್ಕಿ ಜಿಲ್ಲೆಯ ಪುಟ್ಟಡಿ ಇನ್ನೊಂದು ಕೇಂದ್ರ. 2021 ರಿಂದ ಒಂದು ಕೇಂದ್ರದಲ್ಲಿ ಕುಳಿತ ವ್ಯಾಪಾರಿ ಇನ್ನೊಂದು ಕೇಂದ್ರದ ಲಾಟಿಗೂ ಸವಾಲು ಹಾಕುವ ವ್ಯವಸ್ಥೆ ಆಗಿದೆ.

ಎರಡನೆಯದು ಮುಚ್ಚಿದ ಟೆಂಡರು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳಲ್ಲಿ ನಡೆಯುವ ಇ-ಟೆಂಡರು ಈ ಬಗೆಯದು. ಪ್ರತಿ ಲಾಟಿಗೂ ಒಂದು ಸಂಖ್ಯೆ ಬೀಳುತ್ತದೆ. ವ್ಯಾಪಾರಿ ಮಾಲನ್ನು ನೋಡಿ ತನ್ನ ಬೆಲೆಯನ್ನು ನಮೂದಿಸುತ್ತಾನೆ. ಪಕ್ಕದವನು ಏನು ಬರೆದ ಎಂಬುದು ಅವನಿಗೆ ಕಾಣುವುದಿಲ್ಲ. ವೇಳೆ ಮುಗಿದ ಮೇಲೆ ಯಾರದು ಹೆಚ್ಚೋ ಅವನ ಹೆಸರು ಬರುತ್ತದೆ, ಅವನು ಬರೆದ ಬೆಲೆಯನ್ನೇ ಅವನು ಕೊಡಬೇಕು.

ತೆರೆದ ಹರಾಜಿನಲ್ಲಿ ಗೆಲ್ಲುವವನು ಎರಡನೆಯವನಿಗಿಂತ ಒಂದು ಹೆಜ್ಜೆ ಮುಂದಿದ್ದರೆ ಸಾಕು. ಆದ್ದರಿಂದ ಅಲ್ಲಿ ಬೆಲೆಯನ್ನು ನಿಜವಾಗಿ ತೀರ್ಮಾನಿಸುವವನು ಸೋತ ಎರಡನೆಯ ವ್ಯಾಪಾರಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961 ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಲೆಕ್ಕದ ಮೂಲಕ ತೋರಿಸಿದರು. 1996 ರಲ್ಲಿ, ಎಂದರೆ ನಮ್ಮ ಪೂಲು ಕೊನೆಗೊಂಡ ವರ್ಷವೇ, ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 2020 ರಲ್ಲಿ ಇದೇ ಹರಾಜು ಶಾಸ್ತ್ರಕ್ಕಾಗಿ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಎಂಬುವರಿಗೂ ಆ ಪ್ರಶಸ್ತಿ ಸಂದಿತು.

ವ್ಯಾಪಾರಿಯ ಮನಸ್ಸಿನ ಲೆಕ್ಕ

ಮುಚ್ಚಿದ ಟೆಂಡರಿನಲ್ಲಿ ಯಾವ ವ್ಯಾಪಾರಿಯೂ ತನಗೆ ಕಟ್ಟುವ ಪೂರ್ಣ ಬೆಲೆಯನ್ನು ಬರೆಯುವುದಿಲ್ಲ. ಬರೆದರೆ ಅವನಿಗೆ ಉಳಿಯುವುದೇನು? ಅವನು ತಗ್ಗಿಸಿಯೇ ಬರೆಯುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ, ಅದು ಅವನ ಕಸುಬು. ಎಷ್ಟು ತಗ್ಗಿಸುತ್ತಾನೆ ಎಂಬುದು ತನ್ನ ಎದುರು ಎಷ್ಟು ಮಂದಿ ಇದ್ದಾರೆಂದು ಅವನು ಭಾವಿಸಿದ್ದಾನೆ ಎಂಬುದನ್ನು ಅವಲಂಬಿಸಿದೆ.

ಒಂದು ಉದಾಹರಣೆ ನೋಡೋಣ. ಅಂಕಿಗಳು ಕೇವಲ ಲೆಕ್ಕಕ್ಕೆ. ಒಂದು ಲಾಟು ಅಡಿಕೆ ಕ್ವಿಂಟಲಿಗೆ 40,000 ದಿಂದ 50,000 ರೂಪಾಯಿಯೊಳಗೆ ಯಾವ ಬೆಲೆಗಾದರೂ ಬಾಳಬಹುದೆಂದು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದೆ ಎಂದಿಟ್ಟುಕೊಳ್ಳಿ. ಒಬ್ಬ ವ್ಯಾಪಾರಿಗೆ ಹೊರಗಿನಿಂದ ಬೇಡಿಕೆ ಬಂದಿದ್ದು, ಅವನಿಗೆ ಆ ಮಾಲು 50,000 ಕಟ್ಟುತ್ತದೆ. ಎದುರಿಗೆ ಒಬ್ಬನೇ ಪ್ರತಿಸ್ಪರ್ಧಿ ಇದ್ದರೆ ವಿಕ್ರಿಯವರ ಸೂತ್ರದಂತೆ ಅವನು ಬರೆಯಬೇಕಾದ್ದು 45,000 ಮಾತ್ರ. ಒಟ್ಟು ಐದು ಮಂದಿ ಇದ್ದರೆ 48,000 ಬರೆಯಬೇಕು. ಹತ್ತು ಮಂದಿ ಇದ್ದರೆ 49,000. ಮಾಲು ಅದೇ, ಅದರ ಬೇಡಿಕೆಯೂ ಅದೇ. ಬದಲಾದದ್ದು ಸವಾಲುದಾರರ ಸಂಖ್ಯೆ ಮಾತ್ರ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಇಬ್ಬರಿದ್ದಲ್ಲಿ ಐದು ಮಂದಿಯಾದಾಗ 3,000 ರೂಪಾಯಿ ಏರಿತು. ಐವರು ಹತ್ತು ಮಂದಿಯಾದಾಗ ಏರಿದ್ದು 1,000 ಮಾತ್ರ. ಎಂದರೆ ನಮಗೆ ನೂರು ವ್ಯಾಪಾರಿಗಳ ಅಗತ್ಯವಿಲ್ಲ, ಮೂರನೆಯವನೂ ನಾಲ್ಕನೆಯವನೂ ಬರುವಂತೆ ಆಗಬೇಕು. ತೋಟದ ಬಾಗಿಲಿಗೆ ವರ್ಷವೂ ಒಬ್ಬನೇ ವ್ಯಾಪಾರಿ ಬರುವವರಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಆತ ಎಷ್ಟೇ ಒಳ್ಳೆಯವನಿರಲಿ, ಮುಂಗಡ ಕೊಟ್ಟು ಕಷ್ಟಕಾಲದಲ್ಲಿ ಆದವನಿರಲಿ, ಎದುರಿಗೆ ಯಾರೂ ಇಲ್ಲವೆಂದು ಗೊತ್ತಿರುವವನು ಬೆಲೆ ಏರಿಸುವ ಕಾರಣವಿಲ್ಲ. ಇನ್ನೊಬ್ಬನಿಂದ ಧಾರಣೆ ಬರೆಸಿಕೊಂಡು ಇಟ್ಟುಕೊಳ್ಳುವುದು ಸ್ನೇಹಕ್ಕೆ ವಿರೋಧವಲ್ಲ.

ಇದು ಕಾಗದದ ಲೆಕ್ಕ ಮಾತ್ರವಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಅನುಭವವಿದೆ. 2014 ರಲ್ಲಿ ಕರ್ನಾಟಕದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಕೇಂದ್ರ ಸರ್ಕಾರದ ಇ-ನಾಮ್ ಬಂದದ್ದು ಅದರ ನಂತರ, 2016 ರಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ನಮ್ಮ ವೇದಿಕೆಯನ್ನು ನಡೆಸುವವರ ಜೊತೆಗೂಡಿ ಮಾಡಿ 2020 ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಜೋಡಣೆಯಿಂದ ಭತ್ತದ ಬೆಲೆ ಶೇ. 5.1, ಶೇಂಗಾದ್ದು ಶೇ. 3.6, ಮೆಕ್ಕೆಜೋಳದ್ದು ಶೇ. 3.5 ರಷ್ಟು ಹೆಚ್ಚಿತು. ಎಲ್ಲ ಬೆಳೆಗಳಿಗೂ ಈ ಲಾಭ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ತಂಡದವರು 2019 ರ ಫೆಬ್ರವರಿಯಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಎರಡು ಸುತ್ತಿನ ಟೆಂಡರನ್ನು ಜಾರಿಗೆ ತಂದರು. ಮೊದಲ ಸುತ್ತಿನಲ್ಲಿ ಮೇಲಿನ ಬೆಲೆ ಬರೆದವರಿಗೆ ಎರಡನೆಯ ಸುತ್ತಿನಲ್ಲಿ ಬೆಲೆ ಏರಿಸುವ ಅವಕಾಶ. ಇದರಿಂದ ರೈತರಿಗೆ ಸಿಕ್ಕಿದ ಬೆಲೆ ಶೇ. 4.7 ರಷ್ಟು ಏರಿತು. ಹೊಸ ಗೊಬ್ಬರವಿಲ್ಲ, ಹೊಸ ತಳಿಯಿಲ್ಲ, ಸವಾಲಿನ ನಿಯಮ ಬದಲಾಯಿಸಿದ್ದರಿಂದಲೇ ಇಷ್ಟು ಬಂತು ಎಂಬುದು ಸಾಮಾನ್ಯ ಸಂಗತಿಯಲ್ಲ.

ಗೊತ್ತಿಲ್ಲದ್ದಕ್ಕೆ ಕಡಿತ

ವ್ಯಾಪಾರಿ ಬೆಲೆ ತಗ್ಗಿಸುವುದಕ್ಕೆ ಇನ್ನೊಂದು ಕಾರಣ ಭಯ. 1971 ರಲ್ಲಿ ಅಮೆರಿಕದ ಒಂದು ತೈಲ ಕಂಪನಿಯ ಮೂವರು ಇಂಜಿನಿಯರುಗಳು ಒಂದು ವಿಚಿತ್ರವನ್ನು ಬೆಳಕಿಗೆ ತಂದರು. ಸಮುದ್ರದ ತಳದ ತೈಲದ ಹಕ್ಕನ್ನು ಮುಚ್ಚಿದ ಟೆಂಡರಿನಲ್ಲಿ ಗೆದ್ದ ಕಂಪನಿಗಳು ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಕಾರಣ ಸರಳವಾಗಿದೆ. ನೆಲದಡಿ ಎಷ್ಟು ಎಣ್ಣೆ ಇದೆಯೆಂದು ಯಾರಿಗೂ ಖಚಿತವಾಗಿ ತಿಳಿಯದು. ಹತ್ತು ಮಂದಿ ಅಂದಾಜು ಮಾಡಿದಾಗ ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು ಗೆಲ್ಲುತ್ತಾನೆ, ಅವನ ಅಂದಾಜೇ ಬಹುಪಾಲು ತಪ್ಪಿರುತ್ತದೆ. ಅನುಭವವುಳ್ಳ ವ್ಯಾಪಾರಿಗೆ ಪುಸ್ತಕ ಓದದೆಯೇ ಇದು ಗೊತ್ತು. ಆದ್ದರಿಂದ ಮಾಲಿನಲ್ಲಿ ತನಗೆ ಕಾಣದ ಪ್ರತಿಯೊಂದು ಅಂಶಕ್ಕೂ ಆತ ಬೆಲೆ ಕಡಿತ ಮಾಡುತ್ತಾನೆ.

ಕಾಫಿಯಲ್ಲಿ ಇದನ್ನು ಲೆಕ್ಕ ಹಾಕಿ ನೋಡಬಹುದು. 50 ಕಿಲೋ ತೂಗುವ ಒಂದು ಮೂಟೆ ರೊಬಸ್ಟಾ ಚೆರಿಯನ್ನು ಹಲ್ಲಿಂಗ್ ಮಾಡಿದರೆ ಒಂದು ತೋಟದ್ದು 25 ಕಿಲೋ ಬೇಳೆ ಕೊಡಬಹುದು, ಇನ್ನೊಂದು ತೋಟದ್ದು 28 ಕಿಲೋ ಕೊಡಬಹುದು. ಇದೇ ನಾವು ಹೇಳುವ ಔಟ್‌ಟರ್ನ್. ಬೇಳೆಗೆ ಕಿಲೋ 400 ರೂಪಾಯಿ ಎಂದು ಹಿಡಿದರೆ ಮೊದಲ ಮೂಟೆಗೆ 10,000, ಎರಡನೆಯದಕ್ಕೆ 11,200. ಮೂಟೆಗೆ 1,200 ರೂಪಾಯಿ ವ್ಯತ್ಯಾಸ. ನೂರು ಮೂಟೆಗೆ ಒಂದು ಲಕ್ಷ ಇಪ್ಪತ್ತು ಸಾವಿರ. ನಿಮ್ಮದು 28 ಎಂದು ನಿಮಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ ಎಂದಾದರೆ ಆತ 25 ಎಂದೇ ಹಿಡಿಯುತ್ತಾನೆ, 28 ಎಂದು ಹಿಡಿಯುವ ಧರ್ಮಾತ್ಮ ಸಿಗುವುದು ಕಷ್ಟ. ಮೂರು ನಾಲ್ಕು ಮೂಟೆಗಳಿಂದ ಮಾದರಿ ತೆಗೆದು, ಬೆರೆಸಿ, ಒಂದು ಕಿಲೋ ಹಲ್ಲಿಂಗ್ ಮಾಡಿ ತೂಗಿ ನೋಡಲು ಅರ್ಧ ದಿನದ ಕೆಲಸವೂ ಇಲ್ಲ. ಮೂಟೆಯ ಮೇಲ್ಭಾಗದಿಂದ ಮಾತ್ರ ಮಾದರಿ ತೆಗೆಯಬಾರದು. ಬೂಜು ಹಿಡಿದ ಕಾಳು ಅಡಿಯಲ್ಲಿದ್ದರೆ ಅದು ನಾಳೆ ಬಯಲಾಗುತ್ತದೆ, ಮರುವರ್ಷದಿಂದ ನಿಮ್ಮ ಮಾದರಿಗೆ ಬೆಲೆಯಿರುವುದಿಲ್ಲ.

ತೇವಾಂಶವೂ ಹೀಗೆಯೇ. ಡಿಸೆಂಬರಿನ ಮೋಡ ನೋಡಿ ಅವಸರದಲ್ಲಿ ಕಣದಿಂದ ಎತ್ತಿದ ಮಾಲು ತೂಕ ತೂಗುತ್ತದೆ ನಿಜ. ಆದರೆ ಕೈಗೆ ಹಿಡಿದೊಡನೆ ಅದು ಹಸಿ ಎಂದು ಪಳಗಿದ ವ್ಯಾಪಾರಿಗೆ ತಿಳಿಯುತ್ತದೆ. ಆತ ಎಷ್ಟು ಒಣಗೀತು ಎಂದು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ತನ್ನ ರಕ್ಷಣೆಗೆಂದು ಇನ್ನಷ್ಟು ಕಳೆಯುತ್ತಾನೆ. ತೇವಮಾಪಕ ಇಟ್ಟುಕೊಳ್ಳಲು ಶಕ್ತಿಯಿಲ್ಲದವರು ನಾಲ್ಕಾರು ಮಂದಿ ಸೇರಿ ಒಂದನ್ನು ಕೊಳ್ಳಬಹುದು. ಮೆಣಸಿಗೆ ಲೀಟರ್ ತೂಕ ನೋಡಿಕೊಳ್ಳಬೇಕು. ಒಂದು ಲೀಟರ್ ಅಳತೆಯ ಪಾತ್ರೆ ಮತ್ತು ತಕ್ಕಡಿ ಇದ್ದರೆ ಮನೆಯಲ್ಲೇ ಆಗುವ ಪರೀಕ್ಷೆ ಅದು.

ಏಲಕ್ಕಿಯಲ್ಲಿ ಗಾತ್ರ ಮತ್ತು ಬಣ್ಣ ಎರಡೂ ಬೆಲೆಯನ್ನು ನಿರ್ಧರಿಸುತ್ತವೆ. ದಪ್ಪಕಾಯಿ, ಸಣ್ಣಕಾಯಿ, ಬಿರಿದ ಕಾಯಿ ಎಲ್ಲವನ್ನೂ ಒಂದೇ ಲಾಟಿನಲ್ಲಿ ಸೇರಿಸಿದರೆ ದಪ್ಪಕಾಯಿಯ ಬೆಲೆ ಸಣ್ಣಕಾಯಿಯ ಮಟ್ಟಕ್ಕೆ ಇಳಿಯುತ್ತದೆಯೇ ಹೊರತು ಸಣ್ಣಕಾಯಿ ಮೇಲಕ್ಕೇರುವುದಿಲ್ಲ. ಜರಡಿ ಹಿಡಿದು ಬೇರ್ಪಡಿಸುವ ಕೂಲಿ ಹೊರೆಯಲ್ಲ. ಅಡಿಕೆಯಲ್ಲೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ವಿಂಗಡಣೆ ಇರುವುದು ಇದಕ್ಕೇ. ಹಳೆ ಮಾಲಿಗೆ ಹೊಸ ಮಾಲನ್ನು ಬೆರೆಸುವವರು ಈಗಲೂ ಇದ್ದಾರೆ, ಅವರ ಲಾಟಿನ ಮುಂದೆ ವ್ಯಾಪಾರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಲಾಟಿನ ಗಾತ್ರವೂ ವಿಚಾರ ಮಾಡಬೇಕಾದ ವಿಷಯ. ಕಳಸ, ಬಾಳೆಹೊಳೆ ಕಡೆಯ ಸಣ್ಣ ಹಿಡುವಳಿದಾರನ ಮೂರು ಮೂಟೆಗಾಗಿ ದೂರದ ವ್ಯಾಪಾರಿ ಸಮಯ ಕಳೆಯುವುದಿಲ್ಲ. ಒಂದೇ ಬಗೆಯ, ಒಂದೇ ತೇವದ ಮಾಲಿರುವ ನೆರೆಹೊರೆಯವರು ಒಟ್ಟುಗೂಡಿಸಿದರೆ ಲಾರಿ ತುಂಬುವಷ್ಟಾಗುತ್ತದೆ, ಆಗ ಹೊರಗಿನವರೂ ಸವಾಲಿಗೆ ಬರುತ್ತಾರೆ. ಆದರೆ ಒಬ್ಬನ ಹಸಿ ಮಾಲು ಸೇರಿಕೊಂಡರೆ ಎಲ್ಲರ ಬೆಲೆಯೂ ಇಳಿಯುತ್ತದೆ. ಆದ್ದರಿಂದ ಒಟ್ಟುಗೂಡಿಸುವ ಮೊದಲೇ ಪ್ರತಿಯೊಬ್ಬರ ಮಾದರಿಯನ್ನು ಎಲ್ಲರ ಎದುರಿಗೆ ಪರೀಕ್ಷಿಸಿ ಬರೆದಿಡುವುದು ಒಳ್ಳೆಯದು. ದಾಕ್ಷಿಣ್ಯ ಮಾಡಿಕೊಳ್ಳಬೇಡಿ.

ಬೇಡವೆನ್ನುವ ಹಕ್ಕು

ಇ-ಟೆಂಡರಿನಲ್ಲಿ ಬಂದ ಹೆಚ್ಚಿನ ಬೆಲೆಯನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ರೈತನಿಗಿಲ್ಲ. ಬೆಲೆ ಫೋನಿಗೆ ಸಂದೇಶವಾಗಿ ಬರುತ್ತದೆ, ಒಪ್ಪದಿದ್ದರೆ ಲಾಟನ್ನು ಹಿಂದಕ್ಕೆ ಪಡೆಯಬಹುದು. ಏಲಕ್ಕಿ ಹರಾಜಿನಲ್ಲೂ ಲಾಟು ಹಿಂತೆಗೆದುಕೊಳ್ಳಲು ಅವಕಾಶವಿದೆ. ಈ ಹಕ್ಕು ಬಹಳ ಬೆಲೆಯುಳ್ಳದ್ದು, ಆದರೆ ಕೋಪದಲ್ಲಿ ಚಲಾಯಿಸುವಂಥದ್ದಲ್ಲ. ಹರಾಜಿಗೆ ಹೋಗುವ ಹಿಂದಿನ ರಾತ್ರಿಯೇ ನಿಮ್ಮ ತಳಬೆಲೆಯನ್ನು ಕಾಗದದಲ್ಲಿ ಬರೆದುಕೊಳ್ಳಬೇಕು.

ತಳಬೆಲೆ ಹೇಗೆ ಕಟ್ಟುವುದು? ಕಳೆದ ವರ್ಷದ ಗರಿಷ್ಠ ಬೆಲೆಯನ್ನು ಹಿಡಿದು ಕೂರುವುದು ತಪ್ಪು. 2019 ರ ಆಗಸ್ಟಿನಲ್ಲಿ ಪುಟ್ಟಡಿಯಲ್ಲಿ ಏಲಕ್ಕಿ ಕಿಲೋಗೆ 7,000 ರೂಪಾಯಿ ಮುಟ್ಟಿತೆಂದು ಪತ್ರಿಕೆಗಳಲ್ಲೆಲ್ಲ ಬಂತು. ಅದು ಅಂದಿನ ಅತ್ಯುತ್ತಮ ಲಾಟಿನ ಬೆಲೆ, ದಿನದ ಸರಾಸರಿ ಅದಕ್ಕಿಂತ ಬಹಳ ಕೆಳಗಿತ್ತು. ಗರಿಷ್ಠ ಬೆಲೆ ಓದಲು ಸೊಗಸು, ಲೆಕ್ಕಕ್ಕೆ ಬೇಕಾದದ್ದು ನಿಮ್ಮ ದರ್ಜೆಯ ಮಾಲಿನ ಇತ್ತೀಚಿನ ಸರಾಸರಿ. ಅದರ ಮೇಲೆ ಕಾಯುವ ಖರ್ಚನ್ನು ನೋಡಬೇಕು. ಒಂದು ಲಕ್ಷ ರೂಪಾಯಿಯ ಮಾಲು ಉಳಿಸಿಕೊಂಡು, ಸಾಲಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಕಟ್ಟುತ್ತಿದ್ದರೆ ತಿಂಗಳಿಗೆ 1,000 ರೂಪಾಯಿ ಹೋಯಿತು. ತೂಕದಲ್ಲಿ ನೂರಕ್ಕೊಂದು ಪಾಲು ಇಳಿದರೆ ಮತ್ತೊಂದು ಸಾವಿರ. ಸಾಗಾಣಿಕೆ, ಹಮಾಲಿ ಎರಡನೆಯ ಸಲ. ಇವೆಲ್ಲ ಸೇರಿ ಮುಂದಿನ ತಿಂಗಳು ಶೇ. 2 ಕ್ಕಿಂತ ಹೆಚ್ಚು ಏರುವ ಭರವಸೆ ಇದ್ದರೆ ಮಾತ್ರ ಇಂದು ಬೇಡವೆನ್ನುವುದರಲ್ಲಿ ಅರ್ಥವಿದೆ. 2024-25 ರಲ್ಲಿ ಕಾಫಿ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ ಕಾದವರೂ ಗೆದ್ದರು. ಪ್ರತಿ ವರ್ಷವೂ ಹಾಗಾಗುವುದಿಲ್ಲ. ಸಾಲವಿಲ್ಲದವನು ಕಾಯಬಲ್ಲ, ಸಾಲವಿರುವವನು ಮಾಲಿನ ಒಂದು ಭಾಗವನ್ನು ಮಾರಿ ಉಳಿದದ್ದನ್ನು ಇಟ್ಟುಕೊಳ್ಳುವುದು ಲೇಸು.

ಒಂದು ಸಣ್ಣ ಎಚ್ಚರಿಕೆ. ಸಂಸೆ, ಹೊರನಾಡು ಮುಂತಾದ ಕಡೆ ಗುಡ್ಡದ ಮರೆಯಲ್ಲಿರುವ ತೋಟಗಳಿಗೆ ಫೋನಿನ ಸಂದೇಶ ವೇಳೆಗೆ ತಲುಪುವುದೆಂದು ನಂಬಿ ಕೂರುವಂತಿಲ್ಲ. ಹರಾಜಿನ ದಿನ ಸಿಗ್ನಲ್ ಸಿಗುವ ಕಡೆ ಇರಿ. ಮಂಡಿಯವರಿಗೆ ನಿಮ್ಮ ತಳಬೆಲೆಯನ್ನು ಮುಂಚಿತವಾಗಿ ಹೇಳಬೇಡಿ. ಅದು ಹೊರಗೆ ಹೋದರೆ ಬರುವ ಸವಾಲು ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

ನಾವೇ ಸವಾಲು ಹಾಕುವಾಗ

ಹಳೆಯ ಜೀಪು, ಟ್ರಾಕ್ಟರು, ಸರ್ಕಾರಿ ಇಲಾಖೆಯ ಗುಜರಿ, ಬ್ಯಾಂಕು ವಶಪಡಿಸಿಕೊಂಡ ಜಮೀನು, ಇವೆಲ್ಲ ಇಂದು ಆನ್‌ಲೈನ್ ಹರಾಜಿಗೆ ಬರುತ್ತಿವೆ. ಇಲ್ಲಿ ನಾವು ವ್ಯಾಪಾರಿಯ ಜಾಗದಲ್ಲಿರುತ್ತೇವೆ, ತೈಲ ಕಂಪನಿಗಳಿಗೆ ಆದದ್ದು ನಮಗೂ ಆಗಬಹುದು. ವಸ್ತುವನ್ನು ಕಣ್ಣಾರೆ ನೋಡಿ, ರಿಪೇರಿಯ ಖರ್ಚು ಕಳೆದು, ನಿಮಗೆ ಅದು ಎಷ್ಟು ಬಾಳುತ್ತದೆಂದು ಬರೆದು, ಮನೆಯವರಿಗೂ ಹೇಳಿ, ಆಮೇಲೆ ಸವಾಲಿಗೆ ಕುಳಿತುಕೊಳ್ಳಿ. ತೆರೆಯ ಮೇಲೆ ಅಂಕಿ ಏರುತ್ತಿದ್ದಾಗ ಹಟ ಬರುತ್ತದೆ.

ಕೊನೆಯ ಕ್ಷಣದವರೆಗೆ ಸುಮ್ಮನಿದ್ದು ಆಮೇಲೆ ಬೆಲೆ ಹಾಕುವುದು ಜಾಣತನವೆಂದು ಹಲವರು ಕೇಳಿರುತ್ತಾರೆ. 1995 ರಲ್ಲಿ ಅಮೆರಿಕದಲ್ಲಿ ಶುರುವಾದ ಈಬೇ ಎಂಬ ಹರಾಜು ತಾಣದಿಂದ ಹಬ್ಬಿದ ಮಾತು ಇದು. ಅಲ್ಲಿ ಕೊಳ್ಳುವವನು ತನ್ನ ಗರಿಷ್ಠ ಮಿತಿಯನ್ನು ಕೊಟ್ಟರೆ ಯಂತ್ರವೇ ಎರಡನೆಯವನಿಗಿಂತ ಸ್ವಲ್ಪ ಮೇಲಿನವರೆಗೆ ಏರಿಸುತ್ತದೆ, ಹರಾಜು ನಿಗದಿತ ಗಳಿಗೆಗೆ ಮುಗಿಯುತ್ತದೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬುವರು 2002 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೋಲಿಕೆ ಇದೆ. ಈಬೇಯಲ್ಲಿ ಕೊನೆಯ ನಿಮಿಷದ ಸವಾಲುಗಳು ಬಹಳ. ಆಗ ಅಮೆಜಾನ್ ನಡೆಸುತ್ತಿದ್ದ ಹರಾಜಿನಲ್ಲಿ ಕೊನೆಗೆ ಯಾರಾದರೂ ಬೆಲೆ ಹಾಕಿದರೆ ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿತ್ತು, ಅಲ್ಲಿ ಈ ಆಟ ಕಡಿಮೆ. ನಮ್ಮ ಬ್ಯಾಂಕುಗಳ ಇ-ಹರಾಜಿನಲ್ಲೂ ಸಾಮಾನ್ಯವಾಗಿ ಹೀಗೆ ವೇಳೆ ತಾನಾಗಿ ವಿಸ್ತರಿಸುವ ನಿಯಮವಿರುತ್ತದೆ. ಆದ್ದರಿಂದ ಇಲ್ಲಿ ಕಾದು ಹೊಡೆಯುವುದರಿಂದ ಪ್ರಯೋಜನ ಕಡಿಮೆ. ಕರೆಂಟು ಹೋದರೆ, ಜಾಲ ಕಡಿದರೆ ನಷ್ಟ ನಿಮ್ಮದು. ಅಂಕಿ ಒತ್ತುವಾಗ ಸೊನ್ನೆಗಳನ್ನು ಎರಡು ಸಲ ಎಣಿಸಿ.

ಜಮೀನಿನ ಹರಾಜಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಾಲ ತೀರದ ಕಾಫಿ ತೋಟಗಳನ್ನು 2002 ರ ಸರ್ಫೇಸಿ ಕಾಯಿದೆಯಡಿ ಹರಾಜಿಗಿಡುವುದನ್ನು ಬೆಳೆಗಾರರ ಸಂಘಟನೆಗಳು ವಿರೋಧಿಸುತ್ತ ಬಂದಿವೆ. ಆ ಕಾಯಿದೆಯ 31 ನೇ ಕಲಮು ಕೃಷಿ ಜಮೀನನ್ನು ಹೊರಗಿಟ್ಟಿದೆ, ಕಾಫಿ ತೋಟಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದೇ ಜಗಳ. ನೆರೆಯವರ ತೋಟಕ್ಕೆ ಸವಾಲು ಹಾಕುವುದು ಸರಿಯೇ ಎಂದು ಕೇಳಿದರೆ ಅದಕ್ಕೆ ನಾನು ಉತ್ತರ ಹೇಳಲಾರೆ, ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೊಳ್ಳುವವನು ವ್ಯಾಜ್ಯವನ್ನೂ ಕೊಳ್ಳಬಹುದು ಎಂಬುದನ್ನಂತೂ ತಿಳಿದಿರಬೇಕು. ಇಂಥ ಮಾರಾಟ ಇದ್ದ ಸ್ಥಿತಿಯಲ್ಲೇ ಆಗುತ್ತದೆ. ಪಹಣಿ, ಋಣಭಾರ ಪತ್ರ, ದಾರಿ, ನೀರಿನ ಹಕ್ಕು, ಯಾರ ಸ್ವಾಧೀನದಲ್ಲಿದೆ ಎಂಬುದನ್ನು ವಕೀಲರಿಂದ ನೋಡಿಸಿ. ಸಾಮಾನ್ಯವಾಗಿ ತಳಬೆಲೆಯ ಶೇ. 10 ರಷ್ಟು ಠೇವಣಿ ಮೊದಲೇ ಇಡಬೇಕು. ಗೆದ್ದರೆ ಆ ಠೇವಣಿಯೂ ಸೇರಿ ಶೇ. 25 ನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು, ಉಳಿದದ್ದು ಮಾರಾಟ ಸ್ಥಿರವಾದ 15 ದಿನಗಳಲ್ಲಿ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮಾತ್ರ ಇನ್ನಷ್ಟು ವೇಳೆ ಸಿಗುತ್ತದೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಮೆಣಸು ಮಾರಿದ ಮೇಲೆ ಕಟ್ಟಿದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯದು.

ಠೇವಣಿಯನ್ನು ಹರಾಜು ಪ್ರಕಟಣೆಯಲ್ಲಿ ಮುದ್ರಿಸಿದ ಖಾತೆಗೆ ಮಾತ್ರ ಕಟ್ಟಿ. ಫೋನು ಮಾಡಿ ಬೇರೆ ಖಾತೆ ಹೇಳುವವರು, ನಿಮಗಾಗಿ ಲಾಟು ಹಿಡಿದಿಟ್ಟಿದ್ದೇನೆ ಎನ್ನುವವರು ಬಂದರೆ ಪ್ರಕಟಣೆಯಲ್ಲಿರುವ ಶಾಖೆಗೆ ನೇರವಾಗಿ ಹೋಗಿ ವಿಚಾರಿಸಿ. ಮಾರುವಾಗಲೂ ತೂಕದ ಚೀಟಿ, ಲಾಟಿನ ಸಂಖ್ಯೆ, ಒಪ್ಪಿದ ಬೆಲೆಯ ಸಂದೇಶ ಇವು ಮೂರನ್ನೂ ಹಣ ಖಾತೆಗೆ ಬೀಳುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು. ಔಟ್‌ಟರ್ನ್ ನೋಡಿಕೊಳ್ಳಲು ಮಾದರಿ ತಂದಿರುವವರು ಹಿಂದಿನ ಕೊಠಡಿಗೆ ಬನ್ನಿ, ಅಲ್ಲಿ ತಕ್ಕಡಿಯೂ ತೇವಮಾಪಕವೂ ಇವೆ.